ವಂಶ, ಮದ್ಯ, ಬಾಲ್ಯ: ಆತ್ಮಹತ್ಯೆಯ ಅಪಾಯ ಹಣೆಬರಹವಲ್ಲ

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರ ರಕ್ತವನ್ನು ಪರೀಕ್ಷಿಸಿದರು. ಕೆಲವರ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುವ ಗುಣವುಳ್ಳವು ಎಂಬ ಅವರ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಕುಡುಗೋಲು ಕಣ ರಕ್ತಹೀನತೆ ಭಾರತದಲ್ಲಿಯೂ ಇದೆಯೆಂದು ತಿಳಿಸಿದ ಮೊದಲ ವರದಿಗಳಲ್ಲಿ ಅದೂ ಒಂದು. ಈ ರೋಗದ ನಡೆ ಸ್ಪಷ್ಟವಾದುದು. ಒಂದೇ ಒಂದು ವಂಶವಾಹಿಯಲ್ಲಿ ಆದ ಒಂದು ಸಣ್ಣ ಬದಲಾವಣೆ ಅದಕ್ಕೆ ಕಾರಣ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಹನಿ ರಕ್ತ ಸಾಕು, ಉತ್ತರ ದೊರೆಯುತ್ತದೆ.

ಆತ್ಮಹತ್ಯೆಯ ವಿಷಯದಲ್ಲಿಯೂ ಜನಸಾಮಾನ್ಯರು ಹೀಗೆಯೇ ಯೋಚಿಸುವುದುಂಟು. ಒಂದು ಮನೆಯಲ್ಲಿ ಇಬ್ಬರು ಹಾಗೆ ತೀರಿಕೊಂಡರೆ ‘ಅದು ಅವರ ರಕ್ತದಲ್ಲಿಯೇ ಇದೆ’ ಎಂಬ ಮಾತು ಊರಿನಲ್ಲಿ ಹುಟ್ಟಿಕೊಳ್ಳುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಆ ಮನೆಯ ಹೆಣ್ಣನ್ನು ತರಲು ಜನ ಹಿಂಜರಿಯುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಉಳಿದ ಹದಿಹರೆಯದ ಮಗ ಅಥವಾ ಮಗಳು ಆ ಮಾತನ್ನು ಕೇಳಿಸಿಕೊಂಡು ತನ್ನ ಪಾಲಿಗೂ ಅದೇ ಬರೆದಿದೆಯೆಂದು ನಂಬತೊಡಗುವ ಅಪಾಯವಿದೆ. ವಿಜ್ಞಾನ ಈ ನಂಬಿಕೆಯನ್ನು ಎತ್ತಿಹಿಡಿಯುತ್ತದೆಯೇ? ಕಳೆದ ನಲವತ್ತು ಐವತ್ತು ವರ್ಷಗಳ ಅಧ್ಯಯನಗಳು ನೀಡುವ ಉತ್ತರ ಇದು: ವಂಶದ ಪಾತ್ರ ನಿಜ, ಆದರೆ ಅದು ಕುಡುಗೋಲು ಕಣ ರೋಗದ ರೀತಿಯದಲ್ಲ. ವಂಶ, ಮದ್ಯ ಮತ್ತು ಬಾಲ್ಯದ ಸಂಕಷ್ಟ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡು ಅಪಾಯವನ್ನು ಹೆಚ್ಚಿಸುತ್ತವೆ. ಹೆಣೆದುಕೊಂಡಿರುವುದರಿಂದಲೇ ಒಂದು ಎಳೆಯನ್ನು ಸಡಿಲಿಸಿದರೂ ಉಳಿದೆರಡರ ಬಲ ಕುಗ್ಗುತ್ತದೆ.

ಅಂಕಿಅಂಶ ಹೇಳುವುದು ಮತ್ತು ಹೇಳದಿರುವುದು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಒಂದು ಲಕ್ಷ ಜನಸಂಖ್ಯೆಗೆ 12.4ರ ಪ್ರಮಾಣವದು. ತಮಿಳುನಾಡಿನಲ್ಲಿ 19,834 ಮತ್ತು ಕರ್ನಾಟಕದಲ್ಲಿ 13,606 ಸಾವುಗಳು ದಾಖಲಾದವು. ಮೃತರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ದಿನಗೂಲಿಯವರು.

ಅದೇ ವರದಿ ಕಾರಣಗಳನ್ನೂ ಪಟ್ಟಿಮಾಡುತ್ತದೆ. ಕೌಟುಂಬಿಕ ಸಮಸ್ಯೆ ಶೇ. 31.7, ಕಾಯಿಲೆ ಶೇ. 18.4, ಮಾದಕ ವಸ್ತು ಮತ್ತು ಮದ್ಯದ ವ್ಯಸನ ಶೇ. 6.8. ಪಟ್ಟಿಯನ್ನು ಮೇಲುನೋಟಕ್ಕೆ ಓದಿದವರಿಗೆ ಮದ್ಯದ ಪಾಲು ಅಲ್ಪವೆಂದು ತೋರೀತು. ಆದರೆ ಈ ಪಟ್ಟಿ ಪೊಲೀಸ್ ದಾಖಲೆಯಿಂದ ಬಂದದ್ದು. ಅಲ್ಲಿ ಒಂದು ಸಾವಿಗೆ ಒಂದು ಕಾರಣವನ್ನು ಬರೆಯಲಾಗುತ್ತದೆ. ಗಂಡನ ಕುಡಿತದಿಂದ ಜಗಳ, ಜಗಳದಿಂದ ಹೊಡೆತ, ಹೊಡೆತದಿಂದ ಹತಾಶೆ ಎಂಬ ಸರಣಿಯಲ್ಲಿ ಹೆಂಡತಿ ತೀರಿಕೊಂಡರೆ ಅದು ‘ಕೌಟುಂಬಿಕ ಸಮಸ್ಯೆ’ ಎಂದೇ ನಮೂದಾಗುತ್ತದೆ. ಕುಡಿತದಿಂದ ಯಕೃತ್ತು ಕೆಟ್ಟವನ ಸಾವು ‘ಕಾಯಿಲೆ’ಯ ಸಾಲಿಗೆ ಸೇರಬಹುದು. ಬಾಲ್ಯದಲ್ಲಿ ಅನುಭವಿಸಿದ ಹಿಂಸೆಗಂತೂ ಈ ಪಟ್ಟಿಯಲ್ಲಿ ಸಾಲೇ ಇಲ್ಲ. ಮೂವತ್ತು ವರ್ಷ ಹಿಂದಿನ ಗಾಯವನ್ನು ಮಹಜರಿನಲ್ಲಿ ಬರೆಯಲಾಗದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜಿ. ಗುರುರಾಜ್ ಮತ್ತು ಸಹೋದ್ಯೋಗಿಗಳು ಬೇರೆ ದಾರಿ ಹಿಡಿದರು. ಆತ್ಮಹತ್ಯೆಯಿಂದ ತೀರಿಕೊಂಡವರ ಮನೆಯವರನ್ನು ಕಂಡು ಮಾತನಾಡಿ, ಅದೇ ವಯಸ್ಸು ಮತ್ತು ಹಿನ್ನೆಲೆಯ ಜೀವಂತ ವ್ಯಕ್ತಿಗಳ ಬದುಕಿನೊಡನೆ ಹೋಲಿಸಿದರು. 2004ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಒಂದೇ ಕಾರಣದ ಬದಲು ಹಲವು ಕಾರಣಗಳ ಗೊಂಚಲು ಕಾಣಿಸಿತು. ಹಿಂದಿನ ಪ್ರಯತ್ನ, ಮಾನಸಿಕ ಕಾಯಿಲೆ, ಮನೆಯೊಳಗಿನ ಹಿಂಸೆ, ಸ್ವಂತ ಕುಡಿತ, ಮತ್ತು ಸಂಗಾತಿಯ ಕುಡಿತ ಆ ಗೊಂಚಲಿನಲ್ಲಿದ್ದವು. ಚೆನ್ನೈನಲ್ಲಿ ಲಕ್ಷ್ಮೀ ವಿಜಯಕುಮಾರ್ ಮತ್ತು ಎಸ್. ರಾಜ್‌ಕುಮಾರ್ 1999ರಲ್ಲಿ ಪ್ರಕಟಿಸಿದ ಇಂಥದೇ ಹೋಲಿಕೆಯ ಅಧ್ಯಯನದಲ್ಲಿಯೂ ಮಾನಸಿಕ ಕಾಯಿಲೆ, ಕುಟುಂಬದ ಇತಿಹಾಸ ಮತ್ತು ಬದುಕಿನ ಆಘಾತಗಳು ಜೊತೆಯಾಗಿಯೇ ಕಂಡುಬಂದವು.

ಮನೆತನದಲ್ಲಿ ಹರಿದು ಬರುವುದೆಲ್ಲ ವಂಶವಾಹಿಯಲ್ಲ

ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುವುದೆಲ್ಲವೂ ದೇಹದ ಮೂಲಕವೇ ಸಾಗುವುದಿಲ್ಲ. ಭಾಷೆಯ ವಿದ್ಯಾರ್ಥಿಗಳಿಗೆ ಇದನ್ನು ತಿಳಿಯಲು ತಾಯ್ನುಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನೀಲಗಿರಿಯ ಬೆಟ್ಟದ ಮೇಲೆ ಬಡಗ, ತೊದ, ಕೋತ, ಇರುಳ, ಕುರುಂಬ ಭಾಷೆಗಳು ಅಕ್ಕಪಕ್ಕದಲ್ಲಿಯೇ ಬದುಕಿವೆ. ಬಡಗರ ಮನೆಯಲ್ಲಿ ಹುಟ್ಟಿದ ಮಗು ಬಡಗ ಭಾಷೆಯನ್ನು ಆಡುತ್ತದೆ, ಅದರ ಮಕ್ಕಳೂ ಆಡುತ್ತಾರೆ. ಆದರೆ ಅದೇ ಮಗುವನ್ನು ಹುಟ್ಟಿದ ದಿನವೇ ಕೋತರ ಮನೆಯಲ್ಲಿ ಬೆಳೆಯಲು ಬಿಟ್ಟರೆ ಅದು ಕೋತ ಭಾಷೆಯನ್ನೇ ಆಡುತ್ತದೆ. ಮಾತು ಕಲಿಯುವ ಶಕ್ತಿ ಹುಟ್ಟಿನಿಂದ ಬಂದದ್ದು, ಕಲಿತ ಮಾತು ಮನೆಯಿಂದ ಬಂದದ್ದು.

ಆತ್ಮಹತ್ಯೆಯ ವಿಷಯದಲ್ಲಿ ಇವೆರಡನ್ನು ಬೇರ್ಪಡಿಸಲು ಸಂಶೋಧಕರು ದತ್ತು ಮಕ್ಕಳ ದಾಖಲೆಗಳತ್ತ ನೋಡಿದರು. ಡೆನ್ಮಾರ್ಕಿನಲ್ಲಿ ಶೂಲ್‌ಸಿಂಗರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಪ್ರಸಿದ್ಧವಾದುದು. ದತ್ತು ಹೋಗಿ ಬೆಳೆದು, ಮುಂದೆ ಆತ್ಮಹತ್ಯೆಯಿಂದ ತೀರಿಕೊಂಡವರ 269 ಮಂದಿ ರಕ್ತಸಂಬಂಧಿಗಳಲ್ಲಿ 12 ಜನ ಹಾಗೆಯೇ ತೀರಿಕೊಂಡಿದ್ದರು. ಹೋಲಿಕೆಗೆ ಆರಿಸಿದ ಇತರ ದತ್ತು ವ್ಯಕ್ತಿಗಳ ಅಷ್ಟೇ ಸಂಖ್ಯೆಯ ರಕ್ತಸಂಬಂಧಿಗಳಲ್ಲಿ ಈ ಸಂಖ್ಯೆ ಕೇವಲ 2. ಜೊತೆಗೆ ಬಾಳದ, ಮುಖವನ್ನೂ ಕಾಣದ ಬಂಧುಗಳಲ್ಲಿ ಈ ವ್ಯತ್ಯಾಸ ಕಂಡದ್ದರಿಂದ ವಂಶದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. 269 ಜನ ಬಂಧುಗಳಲ್ಲಿ 257 ಮಂದಿ ಆ ದಾರಿಯನ್ನು ತುಳಿಯಲಿಲ್ಲ.

ಅವಳಿಗಳ ಅಧ್ಯಯನಗಳು ಆತ್ಮಹತ್ಯೆಯ ಪ್ರವೃತ್ತಿಯ ಆನುವಂಶಿಕತೆಯನ್ನು ಸುಮಾರು ಶೇ. 30ರಿಂದ 55ರಷ್ಟೆಂದು ಅಂದಾಜಿಸುತ್ತವೆ. ಈ ಅಂಕಿ ಬಹಳ ತಪ್ಪಾಗಿ ಅರ್ಥವಾಗುವಂಥದು. ಒಬ್ಬ ವ್ಯಕ್ತಿಯ ಅಪಾಯದಲ್ಲಿ ಅರ್ಧ ವಂಶದ್ದು, ಅರ್ಧ ಬದುಕಿನದು ಎಂದು ಇದರ ಅರ್ಥವಲ್ಲ. ಒಂದು ಜನಸಮುದಾಯದೊಳಗೆ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲನ್ನು ವಂಶದ ವ್ಯತ್ಯಾಸದಿಂದ ವಿವರಿಸಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ. ಕೂನೂರಿನ ಚಹಾ ತೋಟವನ್ನು ನೆನೆಯಬಹುದು. ಒಂದೇ ಬಗೆಯ ಮಣ್ಣು, ಒಂದೇ ಪ್ರಮಾಣದ ಮಳೆ ಇರುವ ಇಳಿಜಾರಿನಲ್ಲಿ ಗಿಡಗಿಡಕ್ಕೂ ಇಳುವರಿ ಬೇರೆಯಾದರೆ ಅದಕ್ಕೆ ತಳಿಯೇ ಕಾರಣವಿರಬೇಕು. ಅದೇ ತಳಿಯ ಗಿಡಗಳನ್ನು ಒಂದೆಡೆ ಫಲವತ್ತಾದ ಮಣ್ಣಿನಲ್ಲಿಯೂ ಇನ್ನೊಂದೆಡೆ ಬಂಡೆಯ ಸಂದಿಯಲ್ಲಿಯೂ ನೆಟ್ಟರೆ ವ್ಯತ್ಯಾಸವೆಲ್ಲ ಮಣ್ಣಿನದಾಗುತ್ತದೆ. ತಳಿಯ ಪಾಲು ಎಷ್ಟೆಂಬುದು ನೆಲ ಎಷ್ಟು ಸಮನಾಗಿದೆ ಎಂಬುದನ್ನು ಅವಲಂಬಿಸಿದೆ.

ವಂಶದಿಂದ ಬರುವುದಾದರೂ ಯಾವುದು? ಆತ್ಮಹತ್ಯೆಗೆಂದೇ ಮೀಸಲಾದ ಒಂದು ವಂಶವಾಹಿಯಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ 40,000ಕ್ಕೂ ಹೆಚ್ಚು ಜನರ ವಂಶವಾಹಿ ಮಾಹಿತಿಯನ್ನು ಇತರರ ಮಾಹಿತಿಯೊಡನೆ ಹೋಲಿಸಿದಾಗ 12 ನೆಲೆಗಳು ಗುರುತಾದವು. ಒಂದೊಂದರ ಪ್ರಭಾವವೂ ಅತ್ಯಲ್ಪ. ಅವುಗಳಲ್ಲಿ ಅನೇಕವು ಖಿನ್ನತೆಯಂತಹ ಇತರ ತೊಂದರೆಗಳೊಡನೆ ಹಂಚಿಕೆಯಾದವು. ಯಾವ ರಕ್ತಪರೀಕ್ಷೆಯೂ ಒಬ್ಬನ ಭವಿಷ್ಯವನ್ನು ಇವುಗಳಿಂದ ಓದಲಾರದು. ವಂಶದಿಂದ ಇಳಿಯುವುದು ಸಾವಿನ ತೀರ್ಮಾನವಲ್ಲ, ಕೆಲವು ಒಲವುಗಳು: ಬೇಗನೆ ಕುಸಿಯುವ ಮನಃಸ್ಥಿತಿ, ನೋವನ್ನು ತೀವ್ರವಾಗಿ ಅನುಭವಿಸುವ ಸ್ವಭಾವ, ದುಡುಕು, ವ್ಯಸನಕ್ಕೆ ಸುಲಭವಾಗಿ ಒಗ್ಗುವ ದೇಹ.

ಅಮೆರಿಕದ ಪೆನ್ಸಿಲ್ವೇನಿಯಾದ ಆಮಿಷ್ ಎಂಬ ಸಣ್ಣ ಧಾರ್ಮಿಕ ಸಮುದಾಯದ ನೂರು ವರ್ಷಗಳ ದಾಖಲೆಯನ್ನು ಪರಿಶೀಲಿಸಿದ ಜಾನಿಸ್ ಈಗ್‌ಲ್ಯಾಂಡ್ ಮತ್ತು ಜೇಮ್ಸ್ ಸಸೆಕ್ಸ್ 1985ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಅಲ್ಲಿ ನಡೆದಿದ್ದ 26 ಆತ್ಮಹತ್ಯೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೇವಲ ನಾಲ್ಕು ಮನೆತನಗಳಿಗೆ ಸೇರಿದ್ದವು. ಇದು ‘ರಕ್ತದಲ್ಲಿದೆ’ ಎಂಬ ವಾದಕ್ಕೆ ಸಾಕ್ಷಿಯಂತೆ ತೋರಬಹುದು. ಆದರೆ ಅದೇ ಸಮುದಾಯದಲ್ಲಿ ತೀವ್ರ ಮನೋರೋಗದ ಭಾರ ಅಷ್ಟೇ ಇದ್ದರೂ ಒಂದೂ ಆತ್ಮಹತ್ಯೆ ನಡೆಯದ ಮನೆತನಗಳಿದ್ದವು. ಕಾಯಿಲೆಯ ಒಲವು ಒಂದು, ಆ ಕೊನೆಯ ಹೆಜ್ಜೆ ಇನ್ನೊಂದು. ಇವೆರಡರ ನಡುವೆ ಅಂತರವಿದೆ, ಆ ಅಂತರದಲ್ಲಿಯೇ ಮನುಷ್ಯಪ್ರಯತ್ನಕ್ಕೆ ಜಾಗವಿದೆ.

ಮದ್ಯ ಮಾಡುವ ಕೆಲಸ

ಮದ್ಯದ ಪ್ರಭಾವವನ್ನು ಎರಡು ಕಾಲಮಾನಗಳಲ್ಲಿ ನೋಡಬೇಕು. ಮೊದಲನೆಯದು ಒಂದು ಸಂಜೆಯದು. ಮದ್ಯ ಗಮನವನ್ನು ಕಿರಿದಾಗಿಸುತ್ತದೆ. ಕುಡಿದವನಿಗೆ ಎದುರಿಗಿರುವ ನೋವು ಮಾತ್ರ ಕಾಣುತ್ತದೆ, ಆಚೆಯ ನಾಳೆ ಮರೆಯಾಗುತ್ತದೆ. ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಮನೋವಿಜ್ಞಾನಿಗಳು 1990ರಲ್ಲಿ ಇದನ್ನು ಸಮೀಪದೃಷ್ಟಿ ದೋಷಕ್ಕೆ ಹೋಲಿಸಿದರು. ಇದರೊಡನೆ ಸಂಯಮ ಸಡಿಲಗೊಂಡು ದುಡುಕು ಹೆಚ್ಚುತ್ತದೆ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಸುಳಿದು ಹೋಗುತ್ತಿದ್ದ ಯೋಚನೆ ಆ ಒಂದು ಗಂಟೆಯಲ್ಲಿ ಕೃತಿಗೆ ಇಳಿಯುವ ಅಪಾಯ ಹುಟ್ಟುವುದು ಹೀಗೆ. ನಿತ್ಯ ಕುಡಿಯದವನಿಗೂ ಈ ಅಪಾಯ ತಪ್ಪಿದ್ದಲ್ಲ.

ಎರಡನೆಯದು ವರ್ಷಗಳ ಕಾಲಮಾನ. ದೀರ್ಘಕಾಲದ ಕುಡಿತ ಮಿದುಳಿನ ರಾಸಾಯನಿಕ ಸಮತೋಲವನ್ನು ಕೆಡಿಸಿ ಖಿನ್ನತೆಯನ್ನು ಆಳವಾಗಿಸುತ್ತದೆ. ನಿದ್ರೆ ಕೆಡುತ್ತದೆ, ಕೂಲಿ ತಪ್ಪುತ್ತದೆ, ಸಾಲ ಬೆಳೆಯುತ್ತದೆ, ನೆಂಟರು ದೂರವಾಗುತ್ತಾರೆ. ಮನುಷ್ಯನನ್ನು ಬದುಕಿಗೆ ಬಿಗಿದಿಡುವ ನಂಟುಗಳು ಒಂದೊಂದಾಗಿ ಸಡಿಲವಾಗುತ್ತವೆ. ನೋವನ್ನು ಮರೆಯಲು ಆರಂಭವಾದ ಕುಡಿತವೇ ಹೊಸ ನೋವಿನ ಮೂಲವಾಗುತ್ತದೆ.

ಮದ್ಯವ್ಯಸನಕ್ಕೂ ವಂಶಕ್ಕೂ ಸಂಬಂಧವಿದೆ. ಮದ್ಯವ್ಯಸನಿಗಳ ಗಂಡುಮಕ್ಕಳನ್ನು ಕುರಿತು ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳಲ್ಲಿ, ತಾವಿನ್ನೂ ಕುಡಿತ ಆರಂಭಿಸದ ಯುವಕರ ಮಿದುಳಿನ ಕೆಲವು ಭಾಗಗಳಲ್ಲಿಯೂ ವ್ಯತ್ಯಾಸ ಕಂಡುಬಂದಿತು. ದುಡುಕನ್ನು ತಡೆಯುವ ಸಾಮರ್ಥ್ಯಕ್ಕೆ ಸಂಬಂಧಿಸಿದ ವ್ಯತ್ಯಾಸಗಳವು. ಅಂದರೆ ದುಡುಕಿನ ಒಲವು ಒಂದೆಡೆ ಕುಡಿತದತ್ತಲೂ ಇನ್ನೊಂದೆಡೆ ಆತ್ಮಹತ್ಯೆಯತ್ತಲೂ ತಳ್ಳಬಲ್ಲದು. ಆದ್ದರಿಂದ ಕುಡಿತ ಮತ್ತು ಆತ್ಮಹತ್ಯೆ ಜೊತೆಯಾಗಿ ಕಂಡಾಗ ಒಂದು ಇನ್ನೊಂದಕ್ಕೆ ಪೂರ್ತಿ ಕಾರಣವೆಂದು ತೀರ್ಮಾನಿಸಲಾಗದು. ಸ್ವೀಡನ್ನಿನ ಸಂಶೋಧಕರು ಅವಳಿಗಳಲ್ಲಿಯೂ ಒಡಹುಟ್ಟಿದವರಲ್ಲಿಯೂ ಇದನ್ನು ಪರೀಕ್ಷಿಸಿದರು. ವಂಶವನ್ನೂ ಇತರ ಮಾನಸಿಕ ಕಾಯಿಲೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮದ್ಯದ ಪಾಲು ಕಡಿಮೆಯಾಯಿತು, ಆದರೆ ಅಳಿಸಿಹೋಗಲಿಲ್ಲ. ಕುಡಿತ ತಾನಾಗಿಯೇ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಇದರ ತಾತ್ಪರ್ಯ. ಕುಡಿತವನ್ನು ಬಿಡಿಸುವ ಪ್ರಯತ್ನ ವ್ಯರ್ಥವಲ್ಲ ಎನ್ನುವುದಕ್ಕೂ ಅದೇ ಆಧಾರ.

ಬಾಲ್ಯದ ಗಾಯ ದೇಹದಲ್ಲಿ ಉಳಿಯುವ ಬಗೆ

1998ರಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ 9,508 ವಯಸ್ಕರಿಗೆ ಅವರ ಬಾಲ್ಯವನ್ನು ಕುರಿತು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆದ ಅಧ್ಯಯನವನ್ನು ಪ್ರಕಟಿಸಿದರು. ಮಾನಸಿಕ, ದೈಹಿಕ ಅಥವಾ ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ಹಲ್ಲೆ, ಮನೆಯಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ವ್ಯಸನಿ, ಮಾನಸಿಕ ಅಸ್ವಸ್ಥರು ಅಥವಾ ಜೈಲಿಗೆ ಹೋದವರು ಇದ್ದದ್ದು, ಹೀಗೆ ಏಳು ಬಗೆಯ ಸಂಕಷ್ಟಗಳನ್ನು ಅವರು ಎಣಿಸಿದರು. ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಷ್ಟಗಳನ್ನು ಕಂಡವರಲ್ಲಿ ಮದ್ಯವ್ಯಸನ, ಮಾದಕ ವ್ಯಸನ, ಖಿನ್ನತೆ ಮತ್ತು ಆತ್ಮಹತ್ಯೆಯ ಪ್ರಯತ್ನದ ಅಪಾಯ, ಯಾವ ಸಂಕಷ್ಟವನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಸಂಕಷ್ಟಗಳ ಸಂಖ್ಯೆ ಹೆಚ್ಚಿದಂತೆ ಅಪಾಯವೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು.

ಈ ಗಾಯ ದೇಹದಲ್ಲಿ ಉಳಿಯುವುದು ಹೇಗೆ? ಅಪಾಯ ಎದುರಾದಾಗ ದೇಹ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅಪಾಯ ಕಳೆದ ಮೇಲೆ ಮಿದುಳು ಅದಕ್ಕೆ ತಡೆ ಹಾಕುತ್ತದೆ. ಪ್ರತಿ ರಾತ್ರಿಯೂ ಬಾಗಿಲ ಸದ್ದಿಗೆ ಬೆಚ್ಚುತ್ತ ಬೆಳೆದ ಮಗುವಿನಲ್ಲಿ ಈ ತಡೆಯ ವ್ಯವಸ್ಥೆ ಸರಿಯಾಗಿ ರೂಪುಗೊಳ್ಳದೆ ಹೋಗಬಹುದು. ದೊಡ್ಡವನಾದ ಮೇಲೆ ಸಣ್ಣ ಅವಮಾನವೂ ಅವನ ದೇಹದಲ್ಲಿ ದೊಡ್ಡ ಅಪಾಯದ ಗಂಟೆಯನ್ನು ಬಾರಿಸುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಪ್ಯಾಟ್ರಿಕ್ ಮೆಕ್‌ಗೋವನ್ ಮತ್ತು ಸಹೋದ್ಯೋಗಿಗಳು 2009ರಲ್ಲಿ, ಆತ್ಮಹತ್ಯೆಯಿಂದ ತೀರಿಕೊಂಡವರ ಮಿದುಳಿನ ಅಂಗಾಂಶಗಳನ್ನು ಪರೀಕ್ಷಿಸಿದರು. ಅವರಲ್ಲಿ ಬಾಲ್ಯದ ದೌರ್ಜನ್ಯಕ್ಕೆ ಒಳಗಾಗಿದ್ದವರಲ್ಲಿ, ಈ ತಡೆಗೆ ಬೇಕಾದ ಒಂದು ವಂಶವಾಹಿಯ ಮೇಲೆ ಅದನ್ನು ಮಂದಗೊಳಿಸುವ ರಾಸಾಯನಿಕ ಗುರುತುಗಳು ಹೆಚ್ಚಾಗಿ ಕಂಡವು. ದೌರ್ಜನ್ಯಕ್ಕೆ ಒಳಗಾಗದೆ ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಅವು ಹಾಗೆ ಕಾಣಲಿಲ್ಲ. ಗುಂಪಿಗೆ 12 ಜನರಂತೆ ನಡೆದ ಸಣ್ಣ ಅಧ್ಯಯನವಾದ್ದರಿಂದ ಇದನ್ನು ಕೊನೆಯ ಮಾತೆಂದು ತಿಳಿಯಬಾರದು. ಆದರೂ ವಂಶವಾಹಿಯ ಅಕ್ಷರ ಬದಲಾಗದೆ ಅದನ್ನು ಓದುವ ರೀತಿ ಬಾಲ್ಯದ ಅನುಭವದಿಂದ ಬದಲಾಗಬಲ್ಲದೆಂಬ ಸೂಚನೆ ಇದರಿಂದ ದೊರೆಯಿತು. ಕನ್ನಡದ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಂಗತಿಯಲ್ಲ. ಪಠ್ಯ ಒಂದೇ ಆದರೂ ವಿರಾಮ ಬೇರೆಡೆ ಬಿದ್ದರೆ ಅರ್ಥ ಬೇರೆಯಾಗುತ್ತದೆ.

ಹೀಗೆ ಮೂರು ಎಳೆಗಳೂ ಒಂದು ಸುತ್ತಿನಲ್ಲಿ ಸೇರುತ್ತವೆ. ವ್ಯಸನದ ಒಲವು ತಂದೆಯಿಂದ ಮಗನಿಗೆ ವಂಶವಾಗಿ ಇಳಿಯುತ್ತದೆ. ಅದೇ ತಂದೆಯ ಕುಡಿತ ಮಗನ ಬಾಲ್ಯದ ಸಂಕಷ್ಟವಾಗುತ್ತದೆ. ಆ ಸಂಕಷ್ಟ ಮಗನನ್ನು ಕುಡಿತದತ್ತ ದೂಡುತ್ತದೆ. ಮುಂದಿನ ತಲೆಮಾರಿನಲ್ಲಿ ಅವನೇ ತಂದೆ. ಹೊರಗಿನಿಂದ ನೋಡುವವರಿಗೆ ಇದು ‘ರಕ್ತ’ದಂತೆ ಕಾಣುತ್ತದೆ. ಆದರೆ ಈ ಸುತ್ತಿನಲ್ಲಿ ಬದಲಿಸಲಾಗದ್ದು ಒಂದು ಎಳೆ ಮಾತ್ರ.

ನೀಲಗಿರಿಯಲ್ಲಿ ಬಾಲ್ಯ ಎಂದರೆ ಮನೆಯಷ್ಟೇ ಅಲ್ಲ

ಬಾಲ್ಯದ ಸಂಕಷ್ಟವನ್ನು ಮನೆಯ ಗೋಡೆಯೊಳಗೆ ಮಾತ್ರ ಹುಡುಕಿದರೆ ಅರ್ಧ ಸತ್ಯ ಕೈತಪ್ಪುತ್ತದೆ. ಮಸಿನಗುಡಿಯ ಕಾಡಂಚಿನಿಂದ ಗೂಡಲೂರಿನ ಇಳಿಜಾರಿನವರೆಗೆ ಬದುಕುವ ಪಣಿಯ, ಕಾಟ್ಟುನಾಯಕ, ಬೆಟ್ಟಕುರುಂಬ, ಇರುಳ ಸಮುದಾಯಗಳು ತಲೆಮಾರುಗಳಿಂದ ನೆಲದ ಹಕ್ಕನ್ನು ಕಳೆದುಕೊಳ್ಳುತ್ತ ಬಂದವು. ಪಣಿಯರು ಜಮೀನುದಾರರ ಹೊಲಗಳಲ್ಲಿ ಜೀತದಾಳುಗಳಾಗಿ ದುಡಿದವರು. 1964ರ ಭಾರತ ಮತ್ತು ಸಿಲೋನ್ ಒಪ್ಪಂದದ ನಂತರ ಶ್ರೀಲಂಕಾದ ತೋಟಗಳಿಂದ ಮರಳಿದ ತಮಿಳು ಕಾರ್ಮಿಕರು ಇದೇ ಜಿಲ್ಲೆಯ ಚಹಾ ತೋಟಗಳಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಬಡತನ, ಸ್ಥಳಾಂತರ, ಅವಮಾನ ಇವೂ ಮಕ್ಕಳ ಮೈಮನಗಳ ಮೇಲೆ ಗುರುತು ಮೂಡಿಸುತ್ತವೆ. ಆದಿವಾಸಿಗಳು ‘ಸ್ವಭಾವತಃ’ ಕುಡುಕರೆಂಬ ಮಾತಿಗೆ ಜೀವವಿಜ್ಞಾನದ ಆಧಾರವನ್ನು ಹುಡುಕುವ ಮೊದಲು ಈ ಇತಿಹಾಸವನ್ನು ಓದಬೇಕು.

ಇಲ್ಲಿ ಕೆನಡಾದ ಇನ್ನೊಂದು ಅಧ್ಯಯನ ನೆನಪಾಗುತ್ತದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮೂಲನಿವಾಸಿ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆಯ ಪ್ರಮಾಣ ಕೆಲವೆಡೆ ಅತಿ ಹೆಚ್ಚಾಗಿಯೂ ಕೆಲವೆಡೆ ಶೂನ್ಯವಾಗಿಯೂ ಇರುವುದನ್ನು ಮೈಕಲ್ ಚಾಂಡ್ಲರ್ ಮತ್ತು ಕ್ರಿಸ್ಟಫರ್ ಲಲಾಂಡ್ 1998ರಲ್ಲಿ ತೋರಿಸಿದರು. ನೆಲದ ಹಕ್ಕಿಗಾಗಿ ಹೋರಾಡಿದ, ಶಾಲೆ ಮತ್ತು ಆರೋಗ್ಯ ಸೇವೆಗಳನ್ನು ತಾವೇ ನಡೆಸುವ ಸಮುದಾಯಗಳಲ್ಲಿ ಪ್ರಮಾಣ ಕಡಿಮೆಯಿತ್ತು. 2007ರಲ್ಲಿ ಅವರು ಡಾರ್ಸಿ ಹ್ಯಾಲೆಟ್ ಅವರೊಡನೆ ಪ್ರಕಟಿಸಿದ ಮುಂದಿನ ಅಧ್ಯಯನದಲ್ಲಿ, ಅರ್ಧದಷ್ಟಾದರೂ ಜನ ತಮ್ಮ ಮೂಲಭಾಷೆಯಲ್ಲಿ ಮಾತನಾಡಬಲ್ಲ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಬಹುತೇಕ ಇರಲಿಲ್ಲ. ಭಾಷೆಯೇ ಔಷಧವೆಂದು ಇದರಿಂದ ಸಾಧಿಸಲಾಗದು. ಭಾಷೆ ಉಳಿದಿರುವಲ್ಲಿ ಇನ್ನೂ ಅನೇಕವು ಉಳಿದಿರುತ್ತವೆ. ಆದರೂ ಹಿರಿಯರೊಡನೆ ಆಡಲು ಮಾತಿರುವ ಮಗು ಒಂಟಿಯಲ್ಲ ಎಂಬುದನ್ನು ಭಾಷಾ ವಿದ್ಯಾರ್ಥಿಗಳು ಗಂಭೀರವಾಗಿ ಯೋಚಿಸಬೇಕು.

ಗೂಡಲೂರಿನಲ್ಲಿಯೂ ಇಂಥ ಒಂದು ಯತ್ನ ನಡೆದಿದೆ. 1986ರಲ್ಲಿ ಆರಂಭವಾದ ಅಕಾರ್ಡ್ ಸಂಸ್ಥೆಯ ಬೆಂಬಲದಿಂದ ಆದಿವಾಸಿ ಮುನ್ನೇಟ್ರ ಸಂಗಮ್ ಎಂಬ ಸಂಘಟನೆ ರೂಪುಗೊಂಡಿತು. 1988ರ ಡಿಸೆಂಬರ್ 5ರಂದು ಸಾವಿರಾರು ಆದಿವಾಸಿಗಳು ನೆಲದ ಹಕ್ಕಿಗಾಗಿ ಗೂಡಲೂರಿನ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು. ಆರೋಗ್ಯಕ್ಕಾಗಿ ಅಶ್ವಿನಿ ಸಂಸ್ಥೆ ಹುಟ್ಟಿ, 1990ರಲ್ಲಿ ಗೂಡಲೂರು ಆದಿವಾಸಿ ಆಸ್ಪತ್ರೆ ತೆರೆಯಿತು. ಅಲ್ಲಿ ದಾದಿಯರಾಗಿ, ಆರೋಗ್ಯ ಕಾರ್ಯಕರ್ತರಾಗಿ ತರಬೇತಿ ಪಡೆದವರು ಆ ಹಾಡಿಗಳ ಮಕ್ಕಳೇ. 1952ರ ವರದಿಯಲ್ಲಿ ಕಂಡ ಕುಡುಗೋಲು ಕಣ ರೋಗಕ್ಕೂ ಅಲ್ಲಿ ತಪಾಸಣೆ ಮತ್ತು ಚಿಕಿತ್ಸೆ ನಡೆಯುತ್ತದೆ. ಒಂದೇ ವಂಶವಾಹಿಯಿಂದ ಬರುವ ರೋಗದಲ್ಲಿಯೂ ಆರೈಕೆಯಿಂದ ಆಯುಷ್ಯ ಬದಲಾಗುವುದಾದರೆ, ನೂರಾರು ಸಣ್ಣ ಒಲವುಗಳಿಂದ ಕೂಡಿದ ಅಪಾಯವನ್ನು ಹಣೆಬರಹವೆನ್ನಲು ಆಧಾರವೆಲ್ಲಿದೆ?

ಏನು ಮಾಡಬಹುದು

ತಡೆಗಟ್ಟುವಿಕೆಗೆ ದೊಡ್ಡ ಯಂತ್ರಗಳು ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಚೆನ್ನೈ, ಕೊಲಂಬೊ ಸೇರಿದಂತೆ ಐದು ನೆಲೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನ ಪಾಲ್ಗೊಂಡರು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ, ಮುಂದಿನ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನು ಅಥವಾ ಭೇಟಿ. ಅವಧಿ ಮುಗಿದಾಗ ಮೊದಲ ಗುಂಪಿನಲ್ಲಿ ಶೇ. 2.2 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ, ಎರಡನೆಯ ಗುಂಪಿನಲ್ಲಿ ಶೇ. 0.2. ಯಾರೋ ಒಬ್ಬರು ಮತ್ತೆ ಮತ್ತೆ ‘ಹೇಗಿದ್ದೀರಿ’ ಎಂದು ಕೇಳಿದ್ದೇ ಅಲ್ಲಿನ ಮುಖ್ಯ ವ್ಯತ್ಯಾಸ.

ಮದ್ಯದ ವಿಷಯದಲ್ಲಿ, ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ (2015–16) ಚಿಕಿತ್ಸೆ ಬೇಕಾದವರಲ್ಲಿ ಸುಮಾರು ಶೇ. 86 ಜನಕ್ಕೆ ಅದು ದೊರೆಯುತ್ತಿಲ್ಲ. ಗೋವಾದಲ್ಲಿ ನಡೆದ ಪ್ರಯೋಗವೊಂದು ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನೀಡುವ ಆಪ್ತಸಲಹೆಯಿಂದ ಕುಡಿತ ತಗ್ಗುತ್ತದೆಂದು 2017ರಲ್ಲಿ ತೋರಿಸಿತು. ನೀಲಗಿರಿಯಲ್ಲಿ 2022ರಿಂದ, ಕಾಡುಪ್ರಾಣಿಗಳ ಕಾಲಿಗೆ ಗಾಜು ಚುಚ್ಚಬಾರದೆಂದು, ಟಾಸ್ಮಾಕ್ ಅಂಗಡಿಗಳು ಖಾಲಿ ಬಾಟಲಿಯನ್ನು ಹಿಂಪಡೆದು ಹತ್ತು ರೂಪಾಯಿ ಮರಳಿಸುತ್ತಿವೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ ಆರಂಭವಾದ ಒಳ್ಳೆಯ ಕ್ರಮವದು. ಬಾಟಲಿಯನ್ನು ಲೆಕ್ಕವಿಟ್ಟು ಹಿಂದಕ್ಕೆ ಕರೆತರುವ ವ್ಯವಸ್ಥೆ ಸಾಧ್ಯವಾದರೆ, ಕುಡಿದವನನ್ನೂ ಹಿಂದಕ್ಕೆ ಕರೆತರುವ ವ್ಯವಸ್ಥೆ ಅಸಾಧ್ಯವಲ್ಲ.

ಕಾನೂನೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯಲ್ಲ, ಆರೈಕೆ ದೊರೆಯಬೇಕು.

ಮಾತಿನ ಹೊಣೆ

ಕನ್ನಡ ಓದುವವರಲ್ಲಿ ಅನೇಕರು ನಾಳೆ ಶಿಕ್ಷಕರಾಗುತ್ತಾರೆ, ಪತ್ರಕರ್ತರಾಗುತ್ತಾರೆ. ಅವರ ಕೈಯಲ್ಲಿರುವ ಸಾಧನ ಮಾತು. ‘ಕ್ಷುಲ್ಲಕ ಕಾರಣಕ್ಕೆ ಆತ್ಮಹತ್ಯೆ’ ಎಂಬ ಶೀರ್ಷಿಕೆ ಸುದ್ದಿಮನೆಗಳಲ್ಲಿ ರೂಢಿಯಾಗಿದೆ. ವಂಶದ ಒಲವು, ಬಾಲ್ಯದ ಗಾಯ, ವರ್ಷಗಳ ಕುಡಿತ ಇವುಗಳ ತುದಿಯಲ್ಲಿ ನಡೆದ ಕೊನೆಯ ಜಗಳವನ್ನೇ ಇಡೀ ಕಾರಣವೆಂದು ಎಣಿಸಿದಾಗ ಆ ‘ಕ್ಷುಲ್ಲಕ’ ಹುಟ್ಟುತ್ತದೆ. ‘ಸಾವಿಗೆ ಶರಣು’ ಎಂಬ ಪ್ರಯೋಗವೂ ಹಾಗೆಯೇ. ವಚನಕಾರರ ಲೋಕದಲ್ಲಿ ಭಕ್ತಿಯಿಂದ ತುಂಬಿದ್ದ ಪದವನ್ನು ಅದು ಸಾವಿನ ಮುಂದೆ ಬಾಗಿಸುತ್ತದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು ಆತ್ಮಹತ್ಯೆಯನ್ನು ವೈಭವೀಕರಿಸಬಾರದು, ವಿಧಾನವನ್ನು ವಿವರಿಸಬಾರದು ಎನ್ನುತ್ತವೆ. ‘ಆತ್ಮಹತ್ಯೆಯಿಂದ ತೀರಿಕೊಂಡರು’ ಎಂದಷ್ಟೇ ಹೇಳಿದರೆ ಸಾಕು.

‘ಅದು ಅವರ ರಕ್ತದಲ್ಲಿಯೇ ಇದೆ’ ಎಂಬ ಮಾತನ್ನು ಕೇಳಿ ಬೆಳೆದ ವಿದ್ಯಾರ್ಥಿ ಯಾವ ತರಗತಿಯಲ್ಲಾದರೂ ಇರಬಹುದು. ಅಂಥವರಿಗೆ ಹೇಳಬೇಕಾದದ್ದು ಇಷ್ಟು: ವಂಶದಿಂದ ಬಂದದ್ದು ಒಂದು ಒಲವು ಮಾತ್ರ, ಅದನ್ನು ತಿಳಿದವರು ಮದ್ಯದಿಂದ ದೂರವಿರಲು, ಖಿನ್ನತೆಗೆ ಬೇಗನೆ ಚಿಕಿತ್ಸೆ ಪಡೆಯಲು ಉಳಿದವರಿಗಿಂತ ಮೊದಲೇ ಎಚ್ಚರಗೊಳ್ಳಬಹುದು. ಗೆಳೆಯನ ಮನಸ್ಸಿನಲ್ಲಿ ಸಾಯುವ ಯೋಚನೆಯಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಿಗೆ ಹೇಳಿಕೊಳ್ಳಲು ದಾರಿ ದೊರೆಯುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು.